ಲ್ಯಾಪ್‌ಟಾಪಿನ ಒಂದು ಕೀ ಕೈಕೊಟ್ಟಾಗ: ಸ್ವಚ್ಛ ಮಾಡಬೇಕೋ, ಕ್ಲಿಪ್ ಬದಲಿಸಬೇಕೋ, ಪೂರಾ ಕೀಬೋರ್ಡ್ ಹಾಕಿಸಬೇಕೋ?

ಒಂದೇ ಒಂದು ಕೀ ಕೆಟ್ಟಿರುವ ಲ್ಯಾಪ್‌ಟಾಪ್ ಹಿಡಿದುಕೊಂಡು ಅಂಗಡಿಗೆ ಹೋದರೆ ಬಹಳ ಸಲ ಕೇಳಿಬರುವ ಮಾತು, ‘ಪೂರಾ ಕೀಬೋರ್ಡ್ ಬದಲಿ ಮಾಡಬೇಕ್ರೀ.’ ಎಷ್ಟೋ ಸಲ ಆ ಮಾತು ನಿಜ. ಇನ್ನೆಷ್ಟೋ ಸಲ ಹದಿನೈದು ನಿಮಿಷದ ಕೆಲಸಕ್ಕೆ ಸಾವಿರಾರು ರೂಪಾಯಿ ಹೋಗುತ್ತದೆ. ಇದರ ಉಲ್ಟಾ ಕೂಡ ನಡೆಯುತ್ತದೆ. ಒಳಗಿನ ಶೀಟೇ ಹಾಳಾಗಿರುವ ಕೀಬೋರ್ಡನ್ನು ನಾಲ್ಕು ಸಲ ಬಿಚ್ಚಿ ಒರೆಸಿ, ಐದನೆಯ ಸಲಕ್ಕೆ ಪಕ್ಕದ ಕೀಯನ್ನೂ ಮುರಿದುಕೊಳ್ಳುವವರಿದ್ದಾರೆ. ಎರಡೂ ನಷ್ಟ ತಪ್ಪಬೇಕಾದರೆ ಬೆಲೆಯಿಂದ ಲೆಕ್ಕ ಶುರು ಮಾಡಬಾರದು. ಕೀಯ ಯಾವ ಪದರ ಕೆಟ್ಟಿದೆ ಎಂಬುದನ್ನು ಮೊದಲು ಹಿಡಿಯಬೇಕು.

ಕೀ ಎಂದರೆ ಒಂದೇ ತುಂಡಲ್ಲ, ನಾಲ್ಕು ಪದರಗಳ ಜೋಡಣೆ. ಮೇಲೆ ಅಕ್ಷರ ಬರೆದ ಪ್ಲಾಸ್ಟಿಕ್ ಕ್ಯಾಪ್. ಅದರ ಕೆಳಗೆ ಕತ್ತರಿಯ ಹಾಗೆ ಅಡ್ಡಹಾಯ್ದ ಎರಡು ಪುಟ್ಟ ಚೌಕಟ್ಟುಗಳು; ಅಂಗಡಿ ಭಾಷೆಯಲ್ಲಿ ಇದು ಕ್ಲಿಪ್. ಕ್ಲಿಪ್ಪಿನ ನಡುವೆ ರಬ್ಬರಿನ ಸಣ್ಣ ಗುಮ್ಮಟ. ಒತ್ತಿದ ಕೀಯನ್ನು ಮೇಲಕ್ಕೆ ಪುಟಿಸುವುದು ಇದೇ. ಎಲ್ಲಕ್ಕೂ ಕೆಳಗೆ ಮೂರು ತೆಳು ಹಾಳೆಗಳ ಶೀಟ್. ಅದರ ಮೇಲಿನ ಹಾಳೆಯಲ್ಲೂ ಕೆಳಗಿನ ಹಾಳೆಯಲ್ಲೂ ಬೆಳ್ಳಿಯ ಪುಡಿ ಬೆರೆತ ಶಾಯಿಯಲ್ಲಿ ಎಳೆದ ವಿದ್ಯುತ್ ಗೆರೆಗಳಿರುತ್ತವೆ, ನಡುವಿನ ಹಾಳೆಯಲ್ಲಿ ಕೀ ಇರುವ ಜಾಗಕ್ಕಷ್ಟೇ ತೂತು. ಗುಮ್ಮಟದ ಒಳಗಿನ ಚಿಕ್ಕ ಮೊಳೆ ಮೇಲಿನ ಹಾಳೆಯನ್ನು ಆ ತೂತಿನ ಮೂಲಕ ಕೆಳಗಿನದಕ್ಕೆ ತಾಗಿಸಿದಾಗ ಅಕ್ಷರ ಮೂಡುತ್ತದೆ. ಮೇಲಿನ ಮೂರು ಪದರ ಕೆಟ್ಟರೆ ಒಂದು ಕೀಯನ್ನಷ್ಟೇ ರಿಪೇರಿ ಮಾಡಬಹುದು. ಶೀಟ್ ಕೆಟ್ಟರೆ ಕೀಬೋರ್ಡನ್ನೇ ಬದಲಿಸಬೇಕು. ಮುಂದಿನ ಎಲ್ಲ ಆಯ್ಕೆಗಳೂ ಈ ಒಂದು ಗೆರೆಯ ಆಚೀಚೆ ನಿಲ್ಲುತ್ತವೆ.

ಬಿಚ್ಚುವ ಮೊದಲು ಹತ್ತು ನಿಮಿಷ

ಪರಿಚಯದವರ ಹತ್ತಿರ ಒಂದು ಯುಎಸ್‌ಬಿ ಕೀಬೋರ್ಡ್ ಕೇಳಿ ತಂದು ಸಿಕ್ಕಿಸಿ. ಅದರಲ್ಲೂ ಅದೇ ಅಕ್ಷರ ಬರದಿದ್ದರೆ ಲ್ಯಾಪ್‌ಟಾಪಿನ ಕೀ ನಿರ್ದೋಷಿ, ತೊಂದರೆ ವಿಂಡೋಸ್‌ನಲ್ಲೋ ಟೈಪಿಂಗ್ ತಂತ್ರಾಂಶದಲ್ಲೋ ಇದೆ. ಬಲಗಡೆಯ ಶಿಫ್ಟನ್ನು 8 ಸೆಕೆಂಡ್ ಒತ್ತಿ ಹಿಡಿದರೆ ವಿಂಡೋಸಿನ ಫಿಲ್ಟರ್ ಕೀಸ್ ಎಂಬ ಸೌಲಭ್ಯ ಚಾಲೂ ಆಗುತ್ತದೆ. ಆಮೇಲೆ ಚುರುಕಾಗಿ ಒತ್ತಿದ ಕೀಗಳನ್ನು ವಿಂಡೋಸ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ‘ಕೀಬೋರ್ಡ್ ಭಾಳ ನಿಧಾನ ಆಗೇದ’ ಅನ್ನಿಸುತ್ತದೆ. ಪ್ರತ್ಯೇಕ ಅಂಕಿ ಕೀಗಳಿಲ್ಲದ ಕೆಲವು ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ನಮ್ ಲಾಕ್ ಬಿದ್ದರೆ ಯು, ಐ, ಓ, ಜೆ, ಕೆ, ಎಲ್ ಒತ್ತಿದಾಗ ಅಂಕಿ ಬರುತ್ತವೆ. ‘ಅಟ್’ (@) ಚಿಹ್ನೆ ಒತ್ತಿದರೆ ಉದ್ಧರಣ ಚಿಹ್ನೆ ಬರುತ್ತಿದ್ದರೆ ಭಾಷೆ ಬ್ರಿಟಿಷ್ ಇಂಗ್ಲಿಷಿಗೆ ಹೊರಳಿದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ತಿರುಗಿಸಿದರೆ ಮುಗಿಯಿತು. ನುಡಿ ಅಥವಾ ಬೇರೆ ಕನ್ನಡ ತಂತ್ರಾಂಶ ಚಾಲೂ ಇದ್ದರೆ ಅದನ್ನು ಮುಚ್ಚಿ, ಬರೀ ನೋಟ್‌ಪ್ಯಾಡಿನಲ್ಲಿ ಇಂಗ್ಲಿಷ್ ಒತ್ತಿ ನೋಡಿ.

ವಿಂಡೋಸ್ ಕೀ, ಕಂಟ್ರೋಲ್ ಮತ್ತು ಓ ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ಕೀಬೋರ್ಡಿನ ಚಿತ್ರ ಬರುತ್ತದೆ. ನಿಜವಾದ ಕೀ ಒತ್ತಿದಾಗ ಚಿತ್ರದಲ್ಲಿ ಅದೇ ಕೀ ಬೆಳಗುತ್ತದೆ. ನೀವು ಏನನ್ನೂ ಮುಟ್ಟದೆಯೂ ಒಂದು ಕೀ ಬೆಳಗಿಯೇ ಇದ್ದರೆ ಅದು ಒಳಗೆ ಅಂಟಿಕೊಂಡಿದೆ. ಎಚ್‌ಪಿ ಲ್ಯಾಪ್‌ಟಾಪ್ ಇದ್ದವರಿಗೆ ಇನ್ನೊಂದು ದಾರಿ ಇದೆ: ಆನ್ ಮಾಡುವಾಗ ಎಫ್2 ಒತ್ತುತ್ತಿದ್ದರೆ ತೆರೆಯುವ ಪರೀಕ್ಷಾ ಪಟ್ಟಿಯಲ್ಲಿ ಕೀಬೋರ್ಡ್ ಪರೀಕ್ಷೆಯೂ ಇರುತ್ತದೆ. ವಿಂಡೋಸ್ ಶುರುವಾಗುವ ಮೊದಲೇ ನಡೆಯುವ ಪರೀಕ್ಷೆ ಇದು. ಇಲ್ಲಿ ಎಲ್ಲ ಕೀಯೂ ಸರಿ ಇದ್ದರೆ ಸ್ಕ್ರೂಡ್ರೈವರ್ ಒಳಗಿಡಿ.

ಇನ್ನೊಂದು ಪರೀಕ್ಷೆಯನ್ನು ಯಾರೂ ಬಿಡಬಾರದು. ಲ್ಯಾಪ್‌ಟಾಪನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಪಕ್ಕದಿಂದ ನೋಡಿ. ಕೀಬೋರ್ಡಿನ ನಡುಭಾಗ ಅಥವಾ ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ, ಮೇಜಿನ ಮೇಲಿಟ್ಟಾಗ ಅಲ್ಲಾಡಿದರೆ, ಕೆಳಗಿರುವ ಬ್ಯಾಟರಿ ಊದಿ ಮೇಲಕ್ಕೆ ಒತ್ತುತ್ತಿದೆ ಎಂದರ್ಥ. ಕೀ ಬಿಗಿಯಾಗಿರುವುದಕ್ಕೆ ಕಾರಣವೂ ಅದೇ. ತಕ್ಷಣ ಚಾರ್ಜರ್ ತೆಗೆದು ಆಫ್ ಮಾಡಿ, ಮೊದಲು ಬ್ಯಾಟರಿ ಬದಲಿಸಿ. ಊದಿದ ಲಿಥಿಯಂ ಬ್ಯಾಟರಿಯ ಮೇಲೆ ಒತ್ತಡ ಬಿದ್ದರೆ ಅಥವಾ ಚೂಪಾದ ಸಾಮಾನು ತಾಗಿದರೆ ಬೆಂಕಿ ಹತ್ತಬಹುದು. ಅದನ್ನು ಮನೆಯಲ್ಲಿ ಮೀಟಿ ತೆಗೆಯುವ ಸಾಹಸ ಬೇಡ.

ಪದರ ಹಿಡಿಯುವ ಬಗೆ

ಕ್ಯಾಪ್ ಓರೆಯಾಗಿ ಕೂತಿದೆ, ಒಂದು ಮೂಲೆ ಎದ್ದಿದೆ, ಬೆರಳು ತಾಗಿದರೆ ಅಲ್ಲಾಡುತ್ತದೆ, ಆದರೆ ಅಕ್ಷರ ಬರುತ್ತದೆ ಎಂದರೆ ಕ್ಲಿಪ್ಪೋ ಕ್ಯಾಪಿನ ಕೊಕ್ಕೆಯೋ ಮುರಿದಿದೆ. ಒತ್ತಿದ ಕೀ ಅಲ್ಲೇ ಉಳಿದು ನಿಧಾನಕ್ಕೆ ಮೇಲೆ ಬಂದರೆ ಕೆಳಗೆ ಸಿಹಿ ಅಂಟಿದೆ, ಇಲ್ಲವೇ ಗುಮ್ಮಟ ಹರಿದಿದೆ. ಕಿರ್ ಎನ್ನುವ ಸದ್ದಿನೊಡನೆ ಅರ್ಧಕ್ಕೇ ನಿಂತರೆ ಕ್ಲಿಪ್ಪಿನ ಸಂದಿಯಲ್ಲಿ ಮಣ್ಣೋ ತಿಂಡಿಯ ಚೂರೋ ಸಿಕ್ಕಿದೆ.

ಕೀ ಚೆನ್ನಾಗಿ ಪುಟಿಯುತ್ತದೆ, ಅಕ್ಷರ ಮಾತ್ರ ಬರುವುದಿಲ್ಲ ಅಥವಾ ಜೋರಾಗಿ ಗುದ್ದಿದರೆ ಬರುತ್ತದೆ. ಎಲ್ಲರೂ ತಪ್ಪು ಊಹಿಸುವುದು ಇಲ್ಲಿಯೇ. ಕ್ಯಾಪ್ ತೆಗೆದು, ಪೆನ್ಸಿಲ್ಲಿನ ಹಿಂದಿರುವ ರಬ್ಬರ್ ತುದಿಯಿಂದ ಗುಮ್ಮಟದ ನೆತ್ತಿಯನ್ನು ನೇರ ಕೆಳಕ್ಕೆ ಹತ್ತು ಸಲ ಒತ್ತಿ. ಹತ್ತಕ್ಕೆ ಹತ್ತೂ ಅಕ್ಷರ ಬಂದರೆ ಶೀಟ್ ಚೆನ್ನಾಗಿದೆ, ತೊಂದರೆ ಮೇಲಿನ ಭಾಗದ್ದು. ಆರೋ ಏಳೋ ಬಂದರೆ, ಇಲ್ಲವೇ ಒಂದೂ ಬಾರದಿದ್ದರೆ ಶೀಟ್ ಹೋಗಿದೆ. ಅಂಗಡಿಯಲ್ಲಿ ಕೂತಾಗಲೂ ಈ ಪರೀಕ್ಷೆಯನ್ನು ನಿಮ್ಮೆದುರೇ ಮಾಡಿ ತೋರಿಸಲು ಕೇಳಬಹುದು, ಒಂದು ನಿಮಿಷದ ಕೆಲಸ.

ಒಂದಕ್ಕಿಂತ ಹೆಚ್ಚು ಕೀ ಒಟ್ಟಿಗೆ ಸತ್ತಿದ್ದರೆ ಯೋಚಿಸುವುದಕ್ಕೇನೂ ಇಲ್ಲ. ಕೀಬೋರ್ಡಿನ ಪ್ರತಿ ಕೀಗೂ ಬೇರೆ ಬೇರೆ ತಂತಿ ಇರುವುದಿಲ್ಲ. ಅಡ್ಡ ಸಾಲು, ಉದ್ದ ಸಾಲುಗಳ ಜಾಲವಿರುತ್ತದೆ, ಸಾಮಾನ್ಯವಾಗಿ 8ಕ್ಕೆ 16. ಅಡ್ಡಗೆರೆಯೊಂದು ಉದ್ದಗೆರೆಯೊಂದನ್ನು ಮುಟ್ಟುವ ಜಾಗವೇ ಒಂದು ಕೀ. ಒಂದು ಗೆರೆ ತುಂಡಾದರೆ ಅದರ ಮೇಲಿನ ನಾಲ್ಕೈದೋ ಏಳೆಂಟೋ ಕೀಗಳು ಒಟ್ಟಿಗೆ ಸುಮ್ಮನಾಗುತ್ತವೆ. ಅವು ಅಕ್ಕಪಕ್ಕದಲ್ಲೇ ಇರಬೇಕೆಂದಿಲ್ಲ, ಒಂದು ಮೇಲಿನ ಸಾಲಿನಲ್ಲಿ, ಇನ್ನೊಂದು ಕೆಳಗಿನ ಮೂಲೆಯಲ್ಲಿ ಇರಬಹುದು. ಇಂಥ ಕೀಬೋರ್ಡಿಗೆ ಕ್ಲಿಪ್ ಕೊಳ್ಳುವುದು ದಂಡ. ಒಂದೇ ಒಂದು ಆಸೆ ಇದೆ: ಶೀಟಿನಿಂದ ಲ್ಯಾಪ್‌ಟಾಪಿನ ಮುಖ್ಯ ಸರ್ಕ್ಯೂಟ್ ಹಲಗೆಯಾದ ಮದರ್‌ಬೋರ್ಡಿಗೆ ಹೋಗುವ ರಿಬ್ಬನ್ ಪಟ್ಟಿ ಜಾರಿರಬಹುದು. ಲ್ಯಾಪ್‌ಟಾಪ್ ಈಚೆಗೆ ಕೆಳಗೆ ಬಿದ್ದಿದ್ದರೆ ಅಥವಾ ರ್‍ಯಾಮ್ ಹಾಕಿಸಲು ಬಿಚ್ಚಿಸಿದ್ದರೆ ಮೊದಲು ಆ ಪಟ್ಟಿ ನೋಡಿಸಿ.

ಸ್ವಚ್ಛ ಮಾಡುವುದು: ಯಾವ ಕೊಳೆಗೆ ಯಾವ ಮದ್ದು

ಕೊಳೆ ಎಂದರೆ ಎಲ್ಲ ಒಂದೇ ಅಲ್ಲ. ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು ಹಿಟ್ಟಿನಷ್ಟು ನುಣ್ಣಗಿರುತ್ತದೆ. ಒಣಗಿದ್ದಾಗ ಗಾಳಿ ಊದಿದರೆ ಹೋಗುತ್ತದೆ, ಮಳೆಗಾಲದ ತೇವ ತಾಗಿತೆಂದರೆ ಕ್ಲಿಪ್ಪಿನ ಕೀಲಿಗೆ ಮೆತ್ತಿಕೊಳ್ಳುತ್ತದೆ. ಹತ್ತಿ ವ್ಯಾಪಾರದ ಅಂಗಡಿಗಳಲ್ಲಿ ಅರಳೆಯ ಎಳೆ ಕ್ಲಿಪ್ಪಿಗೆ ಸುತ್ತಿಕೊಂಡಿರುತ್ತದೆ. ಅದಕ್ಕೆ ಗಾಳಿ ಪ್ರಯೋಜನವಿಲ್ಲ, ಚಿಮಟಿಗೆಯಿಂದ ಎಳೆದೇ ತೆಗೆಯಬೇಕು. ಬ್ಯಾಡಗಿ ಮಾರುಕಟ್ಟೆಯ ಸುತ್ತಿನ ಲ್ಯಾಪ್‌ಟಾಪಿನ ಕ್ಯಾಪ್ ಎತ್ತಿದರೆ ಗುಮ್ಮಟದ ಸುತ್ತ ಇಟ್ಟಿಗೆ ಬಣ್ಣದ ಉಂಗುರ ಕಾಣುತ್ತದೆ. ಮೆಣಸಿನಕಾಯಿಯ ಪುಡಿಯಲ್ಲಿ ಎಣ್ಣೆಯಂಶ ಇರುವುದರಿಂದ ಅದು ಊದಿದರೆ ಹಾರುವುದಿಲ್ಲ, ಆಲ್ಕೋಹಾಲಿನಲ್ಲಿ ಮಾತ್ರ ಬಿಡುತ್ತದೆ. ಅದನ್ನು ಒರೆಸಿದ ಕೈಯಿಂದ ಕಣ್ಣು ಮುಟ್ಟಬೇಡಿ, ಬಾಯಿಂದ ಊದಲೂ ಬೇಡಿ. ಇನ್ನು ಗಿರ್ಮಿಟ್‌ನ ಚುರುಮುರಿ ಚೂರು, ಪೇಡೆಯ ಮೇಲಿನ ಸಕ್ಕರೆ ಪುಡಿ. ಇವುಗಳನ್ನು ಗಾಳಿಯಿಂದ ಹೊರಗೆ ಹಾಕಬಹುದು, ನೀರು ತಾಗಿಸಬಾರದು.

ಗಾಳಿ ಊದುವುದಕ್ಕೆ ಕ್ಯಾಮೆರಾ ಒರೆಸುವವರ ರಬ್ಬರ್ ಬ್ಲೋಅರ್ ಅಥವಾ ಡಬ್ಬಿಯ ಗಾಳಿ ಬಳಸಿ. ಲ್ಯಾಪ್‌ಟಾಪ್ ಆಫ್ ಮಾಡಿ, ಸುಮಾರು 75 ಡಿಗ್ರಿ ವಾಲಿಸಿ ಹಿಡಿದು ಎಡದಿಂದ ಬಲಕ್ಕೆ ಸಾಲಾಗಿ ಊದಿ, ಬಲ ಮಗ್ಗುಲಿಗೆ ತಿರುಗಿಸಿ ಮತ್ತೊಮ್ಮೆ, ಎಡ ಮಗ್ಗುಲಿಗೆ ತಿರುಗಿಸಿ ಇನ್ನೊಮ್ಮೆ. ಗ್ಯಾರೇಜಿನ ಹವಾ ಪೈಪ್ ಹಿಡಿಯುವುದು ನಮ್ಮ ಕಡೆ ಮಾಮೂಲಿ, ಆದರೆ ದಯವಿಟ್ಟು ಬೇಡ. ಕಂಪ್ರೆಸರ್ ಟ್ಯಾಂಕಿನಲ್ಲಿ ನೀರೂ ಎಣ್ಣೆಯೂ ನಿಂತಿರುತ್ತವೆ, ಅವು ಹನಿಯಾಗಿ ಶೀಟಿನೊಳಗೆ ಹೋಗುತ್ತವೆ. ಒತ್ತಡಕ್ಕೆ ಕ್ಯಾಪ್‌ಗಳೂ ಹಾರುತ್ತವೆ.

ಅಂಟಿಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಮೊಬೈಲ್ ಬಿಡಿಭಾಗದ ಅಂಗಡಿಯಲ್ಲಿ ಐಪಿಎ ಎಂದು ಕೇಳಿದರೆ ಸಿಗುತ್ತದೆ. ಕ್ಯಾಪ್ ತೆಗೆದು, ಹತ್ತಿ ಸುತ್ತಿದ ಕಡ್ಡಿಯನ್ನು ಅದರಲ್ಲಿ ಅದ್ದಿ, ಹಿಂಡಿ, ಕ್ಲಿಪ್ಪಿನ ನಾಲ್ಕೂ ಕೀಲು ಮತ್ತು ಗುಮ್ಮಟದ ಸುತ್ತ ಒರೆಸಿ. ಒಂದು ಕೀಗೆ ಎರಡು ಮೂರು ಹನಿ ಸಾಕು. ಅರ್ಧ ಗಂಟೆ ಒಣಗಲು ಬಿಟ್ಟು ಆಮೇಲೆ ಆನ್ ಮಾಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬಳಸಬೇಡಿ. ಅದರಲ್ಲಿ ನೀರೂ ಗ್ಲಿಸರಿನ್ನೂ ಇರುವುದರಿಂದ ಅಂಟು ಹೋಗುವ ಬದಲು ಹೊಸದು ಕೂಡುತ್ತದೆ. ಬಾಗಿಲ ಕೀಲಿಗೆ ಹಾಕುವ ಸ್ಪ್ರೇ ಎಣ್ಣೆಯನ್ನಂತೂ ಹತ್ತಿರ ತರಬೇಡಿ, ಧೂಳನ್ನೆಲ್ಲ ಹಿಡಿದುಕೊಂಡು ಒಂದು ವಾರಕ್ಕೆ ಮೊದಲಿಗಿಂತ ಬಿಗಿಯಾಗುತ್ತದೆ.

ಎರಡು ಸಲ ಸರಿಯಾಗಿ ಸ್ವಚ್ಛ ಮಾಡಿದ ಮೇಲೂ ಅದೇ ತೊಂದರೆ ಇದ್ದರೆ ಮೂರನೆಯ ಸಲ ಬೇಡ.

ಚಹಾ ಚೆಲ್ಲಿದ ಕೀಬೋರ್ಡಿನ ಕತೆಯೇ ಬೇರೆ. ಸಕ್ಕರೆ, ಹಾಲು ಇರುವ ಚಹಾ ಮೂರು ಹಾಳೆಗಳ ನಡುವೆ ತಾನಾಗಿ ಹಬ್ಬುತ್ತದೆ, ಬತ್ತಿ ಎಣ್ಣೆ ಹೀರುವಂತೆ. ಮೇಲೆ ಎಷ್ಟು ಒರೆಸಿದರೂ ಅಲ್ಲಿಗೆ ಕೈ ಮುಟ್ಟುವುದಿಲ್ಲ. ಎಷ್ಟೋ ಸಲ ಮೊದಲ ದಿನ ಎಲ್ಲ ಕೀ ಸರಿಯಾಗಿರುತ್ತವೆ, ವಾರ ಕಳೆದ ಮೇಲೆ ಒಂದೊಂದಾಗಿ ಹೋಗುತ್ತವೆ, ಏಕೆಂದರೆ ಬೆಳ್ಳಿಯ ಗೆರೆ ಕಿಲುಬು ಹಿಡಿಯಲು ಅಷ್ಟು ಸಮಯ ಬೇಕು. ಚೆಲ್ಲಿದ ಕೂಡಲೇ ಚಾರ್ಜರ್ ಕಿತ್ತು, ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಆಫ್ ಮಾಡಿ, ಡೇರೆಯ ಆಕಾರದಲ್ಲಿ ಬೋರಲಾಗಿ ನಿಲ್ಲಿಸಿ. ಅಕ್ಕಿಯಲ್ಲಿ ಹುಗಿಯುವುದರಿಂದ ಏನೂ ಪ್ರಯೋಜನವಿಲ್ಲ. ಹೇರ್ ಡ್ರೈಯರ್ ಹಿಡಿದರೆ ಶೀಟೂ ಕ್ಯಾಪೂ ಸೊಟ್ಟಗಾಗುತ್ತವೆ. ಅದೇ ದಿನ ಅಂಗಡಿಗೆ ಒಯ್ದು ಬ್ಯಾಟರಿ ಬಿಡಿಸಿ ಮದರ್‌ಬೋರ್ಡ್ ತೊಳೆಸುವುದು ಮುಖ್ಯ. ಕೀಬೋರ್ಡ್ ಹೋದರೆ ಹೋಗಲಿ, ಬೋರ್ಡ್ ಉಳಿಯಬೇಕು.

ಕ್ಲಿಪ್, ಕ್ಯಾಪ್, ಗುಮ್ಮಟ: ಒಂದೇ ಕೀ ರಿಪೇರಿ

ಶೀಟ್ ಚೆನ್ನಾಗಿದ್ದು ಮೇಲಿನ ಭಾಗ ಮಾತ್ರ ಮುರಿದಿದ್ದರೆ ನಮ್ಮ ಸಲಹೆ ಸ್ಪಷ್ಟ: ಕೀಬೋರ್ಡ್ ಬದಲಿಸಬೇಡಿ. ಬದಲಿಸಿದ ಅಗ್ಗದ ಕೀಬೋರ್ಡ್ ಒತ್ತಲು ಮೂಲದಷ್ಟು ಹಿತವಾಗಿರುವುದು ಅಪರೂಪ.

ಕ್ಲಿಪ್ಪನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಹೆಬ್ಬೆರಳ ಉಗುರಿಗಿಂತ ಚಿಕ್ಕದು. ಹೊರ ಚೌಕಟ್ಟಿನ ಒಳಮಗ್ಗುಲಲ್ಲಿ ಎರಡು ತೂತು, ಒಳ ಚೌಕಟ್ಟಿನ ಹೊರಮಗ್ಗುಲಲ್ಲಿ ಸಾಸಿವೆಗಿಂತ ಸಣ್ಣ ಎರಡು ಮುಳ್ಳು. ಮುಳ್ಳು ತೂತಿನಲ್ಲಿ ಕೂತರೆ ಎರಡೂ ಕತ್ತರಿಯಾಗಿ ತೆರೆದು ಮುಚ್ಚುತ್ತವೆ. ಚೌಕಟ್ಟಿನ ತುದಿಗಳಲ್ಲಿ ಇನ್ನಷ್ಟು ಮುಳ್ಳುಗಳಿದ್ದು, ಕೆಳಗೆ ಶೀಟಿಗೆ ಆಧಾರವಾಗಿರುವ ಲೋಹದ ತಟ್ಟೆಯ ಕೊಕ್ಕೆಗಳಿಗೂ ಮೇಲೆ ಕ್ಯಾಪಿಗೂ ಸಿಕ್ಕಿಕೊಳ್ಳುತ್ತವೆ. ಬಹುಪಾಲು ಮುರಿಯುವುದು ಈ ಮುಳ್ಳುಗಳೇ. ಬಿಳಿಯ ಗೆರೆ ಬಿದ್ದಿದ್ದರೆ ಪ್ಲಾಸ್ಟಿಕ್ ಬಾಗಿ ಸುಸ್ತಾಗಿದೆ, ಇವತ್ತಲ್ಲ ನಾಳೆ ಮುರಿಯುತ್ತದೆ. ಮುರಿದ ಮುಳ್ಳನ್ನು ಅಂಟು ಹಾಕಿ ಕೂಡಿಸಲು ಆಗದು.

ಕ್ಯಾಪ್ ತೆಗೆಯುವಾಗ ಸ್ಕ್ರೂಡ್ರೈವರ್ ಬೇಡ. ಗಿಟಾರ್ ಬಾರಿಸುವ ಪಿಕ್ ಅಥವಾ ಹಳೆಯ ಸಿಮ್ ಕಾರ್ಡಿನ ಪ್ಲಾಸ್ಟಿಕ್ ಸಾಕು. ಕ್ಯಾಪಿನ ಕೆಳಗೆ ಒಂದು ಬದಿಯಲ್ಲಿ ಟಕ್ ಎಂದು ಕೂರುವ ಕೊಕ್ಕೆ, ಇನ್ನೊಂದು ಬದಿಯಲ್ಲಿ ಜಾರುವ ಕೊಕ್ಕೆ ಇರುತ್ತವೆ. ಟಕ್ ಎನ್ನುವ ಬದಿಯನ್ನು ಮೊದಲು ಎತ್ತಿ, ಆಮೇಲೆ ಜಾರಿಸಿ ಬಿಡಿಸಬೇಕು. ಯಾವ ಬದಿ ಎನ್ನುವುದು ಮಾದರಿಯಿಂದ ಮಾದರಿಗೆ ಬೇರೆ. ಹಾಗಾಗಿ ಒಂದು ಮೂಲೆಯನ್ನು ಮೆಲ್ಲಗೆ ಎತ್ತಿ ನೋಡಿ, ಬಿಗಿ ಅನ್ನಿಸಿದರೆ ಎದುರು ಮೂಲೆಗೆ ಹೋಗಿ. ಬಲ ಹಾಕಿದರೆ ಮುರಿಯುವುದು ಕ್ಯಾಪಲ್ಲ, ಲೋಹದ ತಟ್ಟೆಯ ಕೊಕ್ಕೆ ಬಾಗುತ್ತದೆ. ಅದು ಬಾಗಿತೆಂದರೆ ಹೊಸ ಕ್ಲಿಪ್ಪೂ ನಿಲ್ಲುವುದಿಲ್ಲ.

ಕೂರಿಸುವಾಗ ಕ್ಲಿಪ್ ಮೊದಲು ತಟ್ಟೆಗೆ, ಆಮೇಲೆ ಅದರ ಮೇಲೆ ಕ್ಯಾಪ್. ಕ್ಯಾಪನ್ನು ನೇರವಾಗಿಟ್ಟು ನಾಲ್ಕೂ ಮೂಲೆಯನ್ನು ಒಂದೊಂದಾಗಿ ಒತ್ತಿದರೆ ಸಣ್ಣ ಟಕ್ ಸದ್ದು ಬರುತ್ತದೆ. ಸದ್ದು ಬಾರದಿದ್ದರೆ ಗುದ್ದಬೇಡಿ, ತೆಗೆದು ನೋಡಿ. ಬಹುಶಃ ಕ್ಲಿಪ್ ತಿರುಗುಮುರುಗು ಕೂತಿರುತ್ತದೆ. ಸ್ಪೇಸ್, ಎಂಟರ್, ಶಿಫ್ಟ್, ಬ್ಯಾಕ್‌ಸ್ಪೇಸ್‌ನಂಥ ಉದ್ದ ಕೀಗಳಿಗೆ ಒಂದು ಬಾಗಿದ ಉಕ್ಕಿನ ತಂತಿಯೂ ಇರುತ್ತದೆ, ಕೀಯ ಯಾವ ತುದಿ ಒತ್ತಿದರೂ ಎರಡೂ ತುದಿ ಸಮನಾಗಿ ಇಳಿಯಲಿ ಎಂದು. ತಂತಿಯನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ತುದಿಗಳನ್ನು ತಟ್ಟೆಯ ಪುಟ್ಟ ಕಿವಿಗಳೊಳಗೆ ತೂರಿಸಿ, ಕೊನೆಗೆ ಕ್ಯಾಪ್ ಒತ್ತಬೇಕು. ಈ ಕ್ರಮ ತಪ್ಪಿದರೆ ತಂತಿ ಶೀಟಿಗೇ ಚುಚ್ಚುತ್ತದೆ. ಕೈ ಅಭ್ಯಾಸವಿಲ್ಲದವರು ಸ್ಪೇಸ್‌ಬಾರ್ ಕೆಲಸವನ್ನು ಅಂಗಡಿಗೆ ಬಿಡುವುದು ಒಳ್ಳೆಯದು.

ಗುಮ್ಮಟ ಕಿತ್ತು ಬಂದಿದ್ದು ಹರಿದಿಲ್ಲದಿದ್ದರೆ ಮತ್ತೆ ಅಂಟಿಸಬಹುದು. ಫೆವಿಕ್ವಿಕ್ ಜಾತಿಯ ಅಂಟು ಬೇಡ: ಅದು ನೀರಿನಂತೆ ಹರಿದು ಸಂಪರ್ಕದ ಜಾಗ ಮುಚ್ಚುತ್ತದೆ, ರಬ್ಬರಿನ ಅಂಚನ್ನು ಗಟ್ಟಿ ಮಾಡುತ್ತದೆ. ಮೊಬೈಲ್ ಡಿಸ್‌ಪ್ಲೇ ಕೂರಿಸಲು ಬಳಸುವ ಬಿ-7000 ಅಂಟನ್ನು ಸೂಜಿಯ ಮೊನೆಯಲ್ಲಿ ತೆಗೆದು, ಅಂಚಿನ ಮೂರು ಕಡೆ ಚುಕ್ಕಿಯಿಟ್ಟರೆ ಸಾಕು. ಸುತ್ತಲೂ ಹಚ್ಚಿದರೆ ಒಳಗಿನ ಗಾಳಿಗೆ ದಾರಿ ಇಲ್ಲದಂತಾಗಿ ಕೀ ಬಿಗಿಯಾಗುತ್ತದೆ. ಒಂದು ದಿನ ಮುಟ್ಟದೆ ಬಿಡಿ.

ಬಿಡಿ ಕ್ಲಿಪ್ ಎಲ್ಲಿ ಸಿಗುತ್ತದೆ? ಒಂದೇ ಕಂಪನಿಯಲ್ಲೂ ಹತ್ತಾರು ನಮೂನೆಯ ಕ್ಲಿಪ್ ಇರುವುದರಿಂದ ಅಂಗಡಿಯವರು ಹೊಸದನ್ನು ಇಟ್ಟಿರುವುದಿಲ್ಲ. ಅವರ ಹತ್ತಿರ ಇರುವುದು ಕೆಟ್ಟ ಕೀಬೋರ್ಡ್‌ಗಳ ರಾಶಿ. ‘ಅಣ್ಣಾರ, ಇದೇ ಮಾಡೆಲ್ಲಿಂದು ಸ್ಕ್ರ್ಯಾಪ್ ಕೀಬೋರ್ಡ್ ಐತೇನ್ರಿ? ಒಂದ ಕ್ಲಿಪ್ ಬೇಕಾಗಿತ್ತು’ ಎಂದು ಕೇಳಿ, ಮುರಿದ ಕ್ಲಿಪ್ಪನ್ನೂ ಕ್ಯಾಪನ್ನೂ ಎದುರಿಗಿಡಿ. ಹುಬ್ಬಳ್ಳಿ, ಧಾರವಾಡಗಳಲ್ಲಿ ಮೂರು ನಾಲ್ಕು ಅಂಗಡಿ ತಿರುಗಿದರೆ ಸಿಗುವ ಸಂಭವ ಹೆಚ್ಚು. ಸಿಗದಿದ್ದರೆ ಒಂದು ಉಪಾಯ: ನಿಮ್ಮದೇ ಕೀಬೋರ್ಡಿನಲ್ಲಿ ನೀವು ಎಂದೂ ಮುಟ್ಟದ, ಅದೇ ಅಳತೆಯ ಕೀಯ ಕ್ಲಿಪ್ಪನ್ನು ತೆಗೆದು ಇಲ್ಲಿಗೆ ಹಾಕಿ. ಅಕ್ಷರದ ಕೀಗಳ ಕ್ಲಿಪ್ ಬಹಳ ಮಾದರಿಗಳಲ್ಲಿ ಒಂದೇ ತೆರನಾಗಿರುತ್ತದೆ. ಮೇಲಿನ ಸಾಲಿನ ಎಫ್ ಸಂಖ್ಯೆಯ ಕೀಗಳದು ಮಾತ್ರ ಚಿಕ್ಕದು, ಹೊಂದುವುದಿಲ್ಲ.

ತಾತ್ಕಾಲಿಕ ದಾರಿ: ಕೀಯ ಕೆಲಸವನ್ನು ಬೇರೆ ಕೀಗೆ ಕೊಡುವುದು

ಪರೀಕ್ಷೆ ಹತ್ತಿರ ಬಂದಿರುವ ಧಾರವಾಡ ಸಪ್ತಾಪುರದ ಕೋಚಿಂಗ್ ವಿದ್ಯಾರ್ಥಿಗೋ, ತಿಂಗಳ ಕೊನೆಯ ಜಿಎಸ್‌ಟಿ ಲೆಕ್ಕ ತುಂಬುತ್ತಿರುವ ಅಂಗಡಿಯವರಿಗೋ ಮೂರು ದಿನ ಲ್ಯಾಪ್‌ಟಾಪ್ ಬಿಟ್ಟುಕೊಡಲು ಆಗದು. ಅವರಿಗೆ 300ರಿಂದ 600 ರೂಪಾಯಿಯ ಯುಎಸ್‌ಬಿ ಕೀಬೋರ್ಡ್ ಎಲ್ಲಕ್ಕಿಂತ ಸರಳ. ಮೇಜಿನ ಮೇಲೆಯೇ ಕೆಲಸ ಮಾಡುವವರಾದರೆ ಇದನ್ನೇ ಕಾಯಂ ಮಾಡಿಕೊಂಡರೂ ತಪ್ಪಿಲ್ಲ.

ಹೊರಗಿನ ಕೀಬೋರ್ಡ್ ಬೇಡ ಎನ್ನುವವರು ಮೈಕ್ರೋಸಾಫ್ಟಿನ ಪವರ್‌ಟಾಯ್ಸ್ ಎಂಬ ಉಚಿತ ತಂತ್ರಾಂಶದ ಕೀಬೋರ್ಡ್ ಮ್ಯಾನೇಜರ್‌ನಲ್ಲಿ ಕ್ಯಾಪ್ಸ್ ಲಾಕಿಗೆ ಸತ್ತ ಕೀಯ ಕೆಲಸ ವಹಿಸಬಹುದು. ಅದು ವಿಂಡೋಸ್ ತೆರೆದ ಮೇಲಷ್ಟೇ ನಡೆಯುತ್ತದೆ, ಪಾಸ್‌ವರ್ಡ್ ಪರದೆಯಲ್ಲಿ ನಡೆಯುವುದಿಲ್ಲ. ಶಾರ್ಪ್‌ಕೀಸ್ ಎಂಬ ಇನ್ನೊಂದು ಉಚಿತ ತಂತ್ರಾಂಶ ಬದಲಾವಣೆಯನ್ನು ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲೇ ಬರೆಯುವುದರಿಂದ ಒಮ್ಮೆ ರೀಸ್ಟಾರ್ಟ್ ಮಾಡಿದರೆ ಪಾಸ್‌ವರ್ಡ್ ಪರದೆಯಲ್ಲೂ ಕೆಲಸ ಮಾಡುತ್ತದೆ. ತಾನಾಗಿಯೇ ಒತ್ತಿಕೊಳ್ಳುವ ಕೀಯನ್ನು ಪೂರ್ತಿ ಬಂದ್ ಮಾಡಲೂ ಇದೇ ಸಾಧನ.

ಕನ್ನಡ ಟೈಪ್ ಮಾಡುವವರಿಗೆ ಯಾವ ಕೀ ಹೋಗಿದೆ ಎಂಬುದರ ಮೇಲೆ ತುರ್ತು ನಿಂತಿದೆ. ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ, ಅಂದರೆ ನುಡಿಯಲ್ಲಿ, ಎಫ್ ಕೀ ಎಂದರೆ ಒತ್ತಕ್ಷರದ ಕೊಂಡಿ. ‘ಕನ್ನಡ’ ಎಂದು ಬರೆಯಲೂ ಅದು ಬೇಕು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅದೇ ಕೆಲಸ ಡಿ ಕೀಯದು. ಇಂಗ್ಲಿಷಿನಲ್ಲಿ ಎಫ್ ಅಷ್ಟೇನೂ ಬಳಕೆಯ ಅಕ್ಷರವಲ್ಲ. ಕನ್ನಡ ಡಿಟಿಪಿ ಮಾಡುವವರ ಕೈಯಲ್ಲಿ ಅದು ದಿನಕ್ಕೆ ಸಾವಿರಾರು ಏಟು ತಿನ್ನುತ್ತದೆ. ಶಿಫ್ಟ್ ಹೋದರೆ ದೀರ್ಘವೂ ಇಲ್ಲ, ಮಹಾಪ್ರಾಣವೂ ಇಲ್ಲ. ಇಂಥವರು ಎಫ್ ಮೆತ್ತಗಾಗುತ್ತಿದೆ ಅನ್ನಿಸಿದಾಗಲೇ ಶಾರ್ಪ್‌ಕೀಸ್‌ನಲ್ಲಿ ಕ್ಯಾಪ್ಸ್ ಲಾಕನ್ನು ಎಫ್ ಮಾಡಿಟ್ಟುಕೊಳ್ಳಬಹುದು. ಬದಲಾವಣೆ ಕನ್ನಡ ತಂತ್ರಾಂಶಕ್ಕಿಂತ ಕೆಳಗಿನ ಹಂತದಲ್ಲಿ ಆಗುವುದರಿಂದ ಯಾವ ತಂತ್ರಾಂಶಕ್ಕೂ ತೊಡಕಾಗದು.

ಪೂರಾ ಕೀಬೋರ್ಡ್: ಸ್ಕ್ರೂ ಇದೆಯೋ, ರಿವೆಟ್ ಇದೆಯೋ

ಶೀಟ್ ಹೋಗಿದ್ದರೆ ಬದಲಿಸಲೇಬೇಕು. ಖರ್ಚು ನಿಲ್ಲುವುದು ಕೀಬೋರ್ಡಿನ ಬೆಲೆಯ ಮೇಲಲ್ಲ, ಅದನ್ನು ಹೇಗೆ ಕೂರಿಸಿದ್ದಾರೆ ಎಂಬುದರ ಮೇಲೆ.

ಹಳೆಯ ಮಾದರಿಗಳಲ್ಲಿ, ಬಹಳಷ್ಟು ಹಳೆಯ ಥಿಂಕ್‌ಪ್ಯಾಡ್‌ಗಳಲ್ಲೂ, ತಳಭಾಗದ ಕೆಲವು ಸ್ಕ್ರೂಗಳ ಪಕ್ಕದಲ್ಲಿ ಪುಟ್ಟ ಕೀಬೋರ್ಡ್ ಚಿತ್ರ ಇರುತ್ತದೆ. ಅವನ್ನು ತೆಗೆದರೆ ಕೀಬೋರ್ಡ್ ಮೇಲಿನಿಂದಲೇ ಎದ್ದು ಬರುತ್ತದೆ. ಅರ್ಧ ಗಂಟೆಯ ಕೆಲಸ, ಮನೆಯಲ್ಲೇ ಮಾಡಬಹುದು. ಬ್ಯಾಟರಿ ಬಿಡಿಸಿ, ಕೀಬೋರ್ಡನ್ನು ನಿಧಾನ ಎತ್ತಿ, ಕೆಳಗಿನ ರಿಬ್ಬನ್ ಪಟ್ಟಿಯ ಬೀಗದ ರೆಕ್ಕೆಯನ್ನು ಉಗುರಿನಿಂದ ಮೇಲಕ್ಕೆ ಮಗುಚಿ, ಪಟ್ಟಿಯನ್ನು ನೇರ ಎಳೆಯಿರಿ. ಬೀಗ ತೆರೆಯದೆ ಎಳೆದರೆ ಮುರಿಯುವುದು ಮದರ್‌ಬೋರ್ಡಿನ ಮೇಲಿನ ಸಾಕೆಟ್, ಅದರ ರಿಪೇರಿ ಕೀಬೋರ್ಡಿಗಿಂತ ದುಬಾರಿ. ಹೊಸದರ ಪಟ್ಟಿಯನ್ನು ಓರೆಯಾಗದಂತೆ ತೂರಿಸಿ ರೆಕ್ಕೆ ಮುಚ್ಚಿ, ಸ್ಕ್ರೂ ಹಾಕುವ ಮುನ್ನವೇ ಆನ್ ಮಾಡಿ ಎಲ್ಲ ಕೀ ಒತ್ತಿ ನೋಡಿ.

ಈಚಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಹೀಗಿಲ್ಲ. ಕೀಬೋರ್ಡ್ ಕೂರುವ ಮೇಲ್ಭಾಗದ ಚೌಕಟ್ಟನ್ನು ಅಂಗಡಿಯವರು ಸಿ ಪ್ಯಾನಲ್ ಎನ್ನುತ್ತಾರೆ. ಕೀಬೋರ್ಡನ್ನು ಅದಕ್ಕೆ ಹತ್ತಾರು ಪ್ಲಾಸ್ಟಿಕ್ ಮೊಳಕೆಗಳನ್ನು ಕರಗಿಸಿ ರಿವೆಟ್ ಮಾಡಿರುತ್ತಾರೆ. ಅಲ್ಲಿಗೆ ತಲುಪಬೇಕಾದರೆ ಬ್ಯಾಟರಿ, ಫ್ಯಾನ್, ಮದರ್‌ಬೋರ್ಡ್ ಎಲ್ಲ ಹೊರಗೆ ಬರಬೇಕು. ಇಲ್ಲಿ ಎರಡು ಆಯ್ಕೆ. ಒಂದು, ರಿವೆಟ್ ಕಿತ್ತು ಹೊಸ ಕೀಬೋರ್ಡ್ ಇಟ್ಟು ಮತ್ತೆ ಸೋಲ್ಡರಿಂಗ್ ಕಡ್ಡಿಯಿಂದ ಕರಗಿಸಿ ಕೂರಿಸುವುದು. ಎರಡು, ಕೀಬೋರ್ಡ್ ಸಮೇತ ಸಿ ಪ್ಯಾನಲ್ ಹಾಕುವುದು. ಮೊದಲನೆಯದು ಅಗ್ಗ. ಆದರೆ ಅರ್ಧ ರಿವೆಟ್ ಮಾತ್ರ ಕೂರಿಸಿ ಉಳಿದದ್ದಕ್ಕೆ ಟೇಪ್ ಅಂಟಿಸಿದರೆ ನಡುವಿನ ಕೀಗಳು ಒತ್ತಿದಾಗ ಕೀಬೋರ್ಡ್ ತೊಟ್ಟಿಲಿನಂತೆ ತೂಗುತ್ತದೆ. ‘ಎಲ್ಲಾ ರಿವೆಟ್ ಕರಗಿಸಿ ಕೂರಿಸ್ತೀರೋ, ಬರೇ ಅಂಟು ಹಚ್ಚತೀರೋ?’ ಎಂದು ಮೊದಲೇ ಕೇಳಿ. ದಿನವಿಡೀ ಟೈಪ್ ಮಾಡುವವರಿಗೆ, ಪ್ಯಾನಲ್ ಬೆಲೆ ಲ್ಯಾಪ್‌ಟಾಪಿನ ಈಗಿನ ಬೆಲೆಯ ಕಾಲು ಭಾಗ ಮೀರದಿದ್ದರೆ, ಸಿ ಪ್ಯಾನಲ್ಲೇ ಸರಿ. ಐದಾರು ವರ್ಷ ಹಳೆಯದು, ಮನೆಯಲ್ಲಿ ಆಗೀಗ ಬಳಸುವುದು ಎಂದಾದರೆ ರಿವೆಟ್ ಕೆಲಸ ಸಾಕು.

ಕೀಬೋರ್ಡ್ ತರಿಸುವಾಗ ಲ್ಯಾಪ್‌ಟಾಪ್ ಮಾಡೆಲ್ ಹೇಳಿದರೆ ಸಾಲದು. ಹಳೆಯ ಕೀಬೋರ್ಡಿನ ಬೆನ್ನಿಗಿರುವ ಸ್ಟಿಕ್ಕರಿನ ಪಾರ್ಟ್ ನಂಬರ್ ಹೊಂದಬೇಕು. ಥಿಂಕ್‌ಪ್ಯಾಡ್‌ನಲ್ಲಿ ಅದಕ್ಕೆ ಎಫ್‌ಆರ್‌ಯು ನಂಬರ್ ಎನ್ನುತ್ತಾರೆ. ಆಮೇಲೆ ಕಣ್ಣಿನಿಂದ ಹೋಲಿಸಿ: ರಿಬ್ಬನ್ ಪಟ್ಟಿ ಅದೇ ಜಾಗದಿಂದ ಅದೇ ಉದ್ದಕ್ಕೆ ಬಂದಿದೆಯೇ, ದೀಪವಿರುವ ಕೀಬೋರ್ಡಾದರೆ ಅದರ ಎರಡನೆಯ ಸಣ್ಣ ಪಟ್ಟಿ ಇದೆಯೇ, ಎಂಟರ್ ಅಡ್ಡಡ್ಡ ಇದೆಯೋ ಎತ್ತರಕ್ಕಿದೆಯೋ. ಪವರ್ ಬಟನ್ ಕೀಬೋರ್ಡಿನ ಮೂಲೆಯಲ್ಲೇ ಇರುವ ಮಾದರಿಗಳಲ್ಲಿ ಹೊಸದರಲ್ಲೂ ಆ ಬಟನ್ ಇರಲೇಬೇಕು. ಇಲ್ಲವಾದರೆ ಕೆಲಸವೆಲ್ಲ ಮುಗಿದ ಮೇಲೆ ಲ್ಯಾಪ್‌ಟಾಪನ್ನು ಆನ್ ಮಾಡಲು ಗುಂಡಿಯೇ ಇರುವುದಿಲ್ಲ. ಸಾಮಾನ್ಯ ಮಾದರಿಗಳ ಕಂಪ್ಯಾಟಿಬಲ್ ಕೀಬೋರ್ಡ್ ಸುಮಾರು 600ರಿಂದ 1,500 ರೂಪಾಯಿಗೆ ಬರುತ್ತದೆ, ದೀಪವಿದ್ದರೆ ಹೆಚ್ಚು, ಕೂಲಿ ಬೇರೆ.

2015ರಿಂದ 2019ರವರೆಗಿನ, ಕತ್ತರಿಯ ಬದಲು ಚಿಟ್ಟೆ ರೆಕ್ಕೆಯಂಥ (ಬಟರ್‌ಫ್ಲೈ) ಕ್ಲಿಪ್ಪಿನ ಮ್ಯಾಕ್‌ಬುಕ್ ಇದ್ದವರು ಮೇಲಿನ ಕ್ಲಿಪ್ ಉಪಾಯಗಳನ್ನು ಪ್ರಯೋಗಿಸಬೇಡಿ. ಆ ಕ್ಲಿಪ್ ಬಹಳ ತೆಳು, ಕ್ಯಾಪ್ ತೆಗೆಯುವಾಗಲೇ ಮುರಿಯುತ್ತದೆ. ಆ್ಯಪಲ್ 2018ರಲ್ಲಿ ಇವಕ್ಕೆ ಉಚಿತ ರಿಪೇರಿ ಯೋಜನೆ ತಂದಿತ್ತು, ಮೊದಲು ಮಾರಾಟವಾದ ದಿನದಿಂದ ನಾಲ್ಕು ವರ್ಷದ ಮಟ್ಟಿಗೆ. ಈಗ ಬಹುತೇಕ ಎಲ್ಲದರ ಅವಧಿ ಮುಗಿದಿದೆ. ಗಾಳಿ ಊದುವುದು, ಆಗದಿದ್ದರೆ ಹೊರಗಿನ ಕೀಬೋರ್ಡ್, ಇವೆರಡೇ ಕಡಿಮೆ ಖರ್ಚಿನ ದಾರಿ.

ಸರ್ವಿಸ್ ಸೆಂಟರೋ, ಊರ ಅಂಗಡಿಯೋ

ವಾರಂಟಿ ಇದ್ದರೆ ಮನೆಯಲ್ಲಿ ಒಂದು ಕ್ಯಾಪನ್ನೂ ಎತ್ತಬೇಡಿ. ತಾನಾಗಿ ಕೆಟ್ಟ ಕೀಗೆ ವಾರಂಟಿ ಅನ್ವಯಿಸುತ್ತದೆ. ಮುರಿದ ಕ್ಲಿಪ್ಪಿಗೆ, ಚೆಲ್ಲಿದ ಚಹಾಕ್ಕೆ ಸಾದಾ ವಾರಂಟಿ ಇಲ್ಲ. ಖರೀದಿಸುವಾಗ ಆಕಸ್ಮಿಕ ಹಾನಿಯ ಪ್ಲ್ಯಾನ್ ಸೇರಿಸಿದ್ದರೆ ಮಾತ್ರ ಸಿಗುತ್ತದೆ. ಸರ್ವಿಸ್ ಸೆಂಟರಿಗೆಂದು ಹುಬ್ಬಳ್ಳಿಗೆ ಹೋಗುವುದಾದರೆ ಗದಗಿನಿಂದ ಸುಮಾರು 60 ಕಿ.ಮೀ., ಹಾವೇರಿಯಿಂದ ಸುಮಾರು 75. ಹೊರಡುವ ಮೊದಲು ಫೋನ್ ಮಾಡಿ ಸೀರಿಯಲ್ ನಂಬರ್ ಕೊಟ್ಟು ಎರಡು ವಿಷಯ ಕೇಳಿ: ಮನೆಗೇ ಬಂದು ಮಾಡುವ ವಾರಂಟಿ ಇದೆಯೇ, ಬಿಡಿಭಾಗ ಕೈಯಲ್ಲಿದೆಯೇ. ಭಾಗ ಬಾರದೆ ಲ್ಯಾಪ್‌ಟಾಪ್ ಬಿಟ್ಟು ಬಂದರೆ ಎರಡು ಸಲ ಬಸ್ ಹತ್ತಬೇಕು. ವಾರಂಟಿ ಮುಗಿದಿದ್ದರೆ ಸರ್ವಿಸ್ ಸೆಂಟರಿನಲ್ಲಿ ಹೆಚ್ಚಾಗಿ ಪೂರಾ ಪ್ಯಾನಲ್ಲಿನ ಲೆಕ್ಕವೇ ಬರುತ್ತದೆ. ಊರ ಅಂಗಡಿಯಲ್ಲಾದರೆ ಕ್ಲಿಪ್, ರಿವೆಟ್ ಕೆಲಸವೂ ಆಗುತ್ತದೆ. ಹಾಕಿದ ಕೀಬೋರ್ಡ್ ಹೊಸದೋ, ಬೇರೆ ಲ್ಯಾಪ್‌ಟಾಪಿನಿಂದ ತೆಗೆದದ್ದೋ ಎಂದು ಬಿಲ್ಲಿನ ಮೇಲೆ ಬರೆಸಿ, ಎಷ್ಟು ದಿನದ ಗ್ಯಾರಂಟಿ ಎಂದೂ ಬರೆಸಿ.

ವಾಪಸ್ ಪಡೆಯುವಾಗ ಅಂಗಡಿಯಲ್ಲೇ ಕೂತು ನೋಟ್‌ಪ್ಯಾಡ್ ತೆರೆದು ಪ್ರತಿ ಕೀಯನ್ನೂ ಒತ್ತಿ, ಎರಡೂ ಶಿಫ್ಟ್ ಜೊತೆಗೂ ಒತ್ತಿ. ಟಚ್‌ಪ್ಯಾಡ್, ಸ್ಪೀಕರ್, ವೈಫೈ ನೋಡಿ, ಸಿ ಪ್ಯಾನಲ್ ಬಿಚ್ಚಿದಾಗ ಅವುಗಳ ಪಟ್ಟಿಗಳೂ ಬಿಚ್ಚಿರುತ್ತವೆ. ಹಳೆಯ ಕೀಬೋರ್ಡನ್ನು ಕೇಳಿ ಇಸಿದುಕೊಳ್ಳಿ. ಹೊಸದು ಅದೇ ಕಂಪನಿಯ ಮಾಲಾದರೆ ಹಳೆಯದರ ಎಂಬತ್ತಕ್ಕೂ ಹೆಚ್ಚು ಕ್ಲಿಪ್, ಕ್ಯಾಪ್‌ಗಳಲ್ಲಿ ಬಹಳಷ್ಟು ಮುಂದೆ ಹೊಂದುತ್ತವೆ. ಅವನ್ನು ಬಿಡಿಸಿಡುವ ಅಗತ್ಯವಿಲ್ಲ, ಇದ್ದ ಹಾಗೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ಲ್ಯಾಪ್‌ಟಾಪಿನ ಮಾಡೆಲ್ ಬರೆದು ಕಪಾಟಿನಲ್ಲಿಡಿ.